ಅಂಗಡಿ ಒಂದೂರಲ್ಲಿ, ವ್ಯಾಪಾರ ನಾಲ್ಕೂರಲ್ಲಿ: ಪರವಾನಗಿ ಮತ್ತು ಮಾರಾಟದ ಲೆಕ್ಕದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಲ್ಲಿ ಸಣ್ಣ ಅಂಗಡಿಗಳ ಲೆಕ್ಕ ಬರೆಯುವುದು ನನ್ನ ಕೆಲಸ. ದಿನಸಿ, ಒಣಮೀನು, ಮೊಬೈಲ್ ರಿಪೇರಿ, ಮದುವೆ ಅಡುಗೆ, ಎಲ್ಲರ ಚೀಟಿಗಳೂ ನನ್ನ ಮೇಜಿಗೆ ಬರುತ್ತವೆ. ಕೆಲವು ಪ್ಲಾಸ್ಟಿಕ್ ಕೊಟ್ಟೆಯಲ್ಲಿ, ಕೆಲವು ಬಿಸ್ಕೆಟ್ ಡಬ್ಬಿಯಲ್ಲಿ. ಜೊತೆಗೆ ಬರುವ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ಗೊಂದಲದಿಂದ ಹುಟ್ಟಿದವು. ಲೈಸೆನ್ಸ್ ಕೊಟ್ಟ ಊರಿಗೂ ಮಾರಾಟದ ಲೆಕ್ಕಕ್ಕೂ ಏನು ಸಂಬಂಧ? ನಗರಸಭೆ ನೋಡುವುದು ಜಾಗವನ್ನು. ಜಿಎಸ್‌ಟಿ ನೋಡುವುದು ಪ್ಯಾನ್ ನಂಬರನ್ನು. ಜಾಗಕ್ಕೆ ಗಡಿ ಇದೆ, ಪ್ಯಾನ್‌ಗೆ ಇಲ್ಲ. ಈ ಒಂದು ಮಾತು ತಲೆಯಲ್ಲಿದ್ದರೆ ಕೆಳಗಿನ ಉತ್ತರಗಳಲ್ಲಿ ಅರ್ಧ ನಿಮಗೇ ಹೊಳೆಯುತ್ತವೆ.

ನನ್ನ ಅಂಗಡಿಗೆ ವ್ಯಾಪಾರ ಪರವಾನಗಿ ಕೊಡುವವರು ಯಾರು?

ಅಂಗಡಿ ಇರುವ ಜಾಗ ಯಾರ ವ್ಯಾಪ್ತಿಗೆ ಬರುತ್ತದೋ ಅವರು. ಕಾರವಾರ, ಶಿರಸಿ, ದಾಂಡೇಲಿಯಲ್ಲಿ ನಗರಸಭೆ. ಕುಮಟಾ, ಅಂಕೋಲಾ, ಹಳಿಯಾಳದಲ್ಲಿ ಪುರಸಭೆ. ಹೊನ್ನಾವರ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡದಲ್ಲಿ ಪಟ್ಟಣ ಪಂಚಾಯಿತಿ. ಇವೆಲ್ಲ 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ ಕೆಳಗೆ ನಡೆಯುತ್ತವೆ. ಹಳ್ಳಿಯಲ್ಲಾದರೆ ಗ್ರಾಮ ಪಂಚಾಯಿತಿ, ಅದಕ್ಕೆ 1993ರ ಪಂಚಾಯತ್ ರಾಜ್ ಕಾಯ್ದೆ. ನೀವು ಎಲ್ಲಿ ವಾಸ ಮಾಡುತ್ತೀರಿ ಅನ್ನುವುದು ಲೆಕ್ಕಕ್ಕಿಲ್ಲ. ಮನೆ ಅಂಕೋಲಾದಲ್ಲಿ, ಅಂಗಡಿ ಕಾರವಾರದಲ್ಲಿ ಅಂದರೆ ಪರವಾನಗಿ ಕಾರವಾರ ನಗರಸಭೆಯದ್ದೇ.

ಅಂಗಡಿ ನಗರಸಭೆ ಗಡಿಯ ಒಳಗೋ ಹೊರಗೋ ಅಂತ ತಿಳಿಯುವುದು ಹೇಗೆ?

ಈ ಪ್ರಶ್ನೆ ಕೇಳಿ ನಗಬೇಡಿ. ಕಾರವಾರದಲ್ಲಿ ಇದು ನಿಜವಾಗಿಯೂ ತಲೆ ತಿನ್ನುವ ವಿಷಯ. ಕಾಳಿ ನದಿಯ ಈಚೆ ಕೋಡಿಬಾಗದ ತನಕ ನಗರಸಭೆ. ಸೇತುವೆ ದಾಟಿದ ಕೂಡಲೇ ಸದಾಶಿವಗಡ, ಅದು ಚಿತ್ತಾಕುಲ ಗ್ರಾಮ ಪಂಚಾಯಿತಿ. ಅಲ್ಲಿಂದ ಮುಂದೆ ಗೋವಾ ಗಡಿಗೆ ತಾಗಿಕೊಂಡು ಮಾಜಾಳಿ. ದಕ್ಷಿಣಕ್ಕೆ ಹೋದರೆ ಬಿಣಗಾ ಪಟ್ಟಣದೊಳಗೆ, ಅಮದಳ್ಳಿ ಹೊರಗೆ. ರೈಲ್ವೆ ಸ್ಟೇಷನ್ನಿನ ಬೋರ್ಡಿನಲ್ಲಿ ಕಾರವಾರ ಅಂತ ಇದೆ, ಆದರೆ ಅದು ಇರುವುದು ಶಿರವಾಡದ ಕಡೆ. ಬೋರ್ಡು ನೋಡಿ, ಪಿನ್‌ಕೋಡ್ ನೋಡಿ ತೀರ್ಮಾನ ಮಾಡಿದವರು ಎರಡು ಸಲ ಫೀಸು ಕಟ್ಟಿದ್ದನ್ನು ಕಂಡಿದ್ದೇನೆ.

ಸುಲಭದ ದಾರಿ ಒಂದಿದೆ. ಕಟ್ಟಡದ ಮಾಲೀಕರ ಹತ್ತಿರ ಆಸ್ತಿಯ ಇ-ಖಾತೆ ಕೇಳಿ. ಪಟ್ಟಣದೊಳಗಿನ ಆಸ್ತಿಗೆ ನಮೂನೆ 3 ಇರುತ್ತದೆ. ಗ್ರಾಮ ಪಂಚಾಯಿತಿಯದ್ದಾದರೆ ಇ-ಸ್ವತ್ತಿನ ನಮೂನೆ 9 ಅಥವಾ 11. ಕಂದಾಯ ರಶೀದಿ ಕೊಟ್ಟ ಕಚೇರಿ ಯಾವುದೋ ಅದರ ಬಾಗಿಲು ತಟ್ಟಿದರಾಯಿತು.

ಏನೇನು ಕಾಗದ ಬೇಕು?

ಆಧಾರ್, ಪ್ಯಾನ್, ಫೋಟೋ, ಬಾಡಿಗೆ ಕರಾರು, ಆ ವರ್ಷದ ಆಸ್ತಿ ತೆರಿಗೆ ಕಟ್ಟಿದ ರಶೀದಿ, ಹೆಸ್ಕಾಂ ಬಿಲ್ಲು. ತಿಂಡಿ ತಿನಿಸು ಮಾರುವವರಾದರೆ ಆಹಾರ ಸುರಕ್ಷತೆಯ ನೋಂದಣಿಯೂ ಬೇಕು. ಪಟ್ಟಣದವರು ಪೌರಾಡಳಿತ ನಿರ್ದೇಶನಾಲಯದ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ಹಳ್ಳಿಯವರು ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರಕ್ಕೆ ಹೋಗಬೇಕು. ಮಾಲೀಕರು ತೆರಿಗೆ ಬಾಕಿ ಇಟ್ಟಿದ್ದರೆ ನಿಮ್ಮ ಅರ್ಜಿ ಅಲ್ಲೇ ಕೂರುತ್ತದೆ. ಅಡ್ವಾನ್ಸ್ ಕೊಡುವ ಮೊದಲೇ ಆ ರಶೀದಿ ಕೇಳಿ ನೋಡಿಕೊಳ್ಳಿ.

ಅಂದ ಹಾಗೆ, ಹೆಸರಿನ ಬೋರ್ಡು. 2024ರ ತಿದ್ದುಪಡಿಯ ಪ್ರಕಾರ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಬೇಕು. ಪೇಂಟರಿಗೆ ಮೊದಲೇ ಹೇಳಿಬಿಡಿ.

ಪರವಾನಗಿ ಶುಲ್ಕ ನನ್ನ ಮಾರಾಟದ ಮೇಲೆ ನಿಂತಿದೆಯಾ? ಊರಾಚೆ ಮಾರಿದ್ದನ್ನೂ ನಗರಸಭೆಗೆ ಹೇಳಬೇಕಾ?

ಇಲ್ಲ. ನಮ್ಮಲ್ಲಿ ಶುಲ್ಕ ನಿಲ್ಲುವುದು ವ್ಯಾಪಾರದ ಬಗೆ, ಜಾಗದ ಅಳತೆ, ಮೋಟಾರು ಇದ್ದರೆ ಅದರ ಅಶ್ವಶಕ್ತಿ, ಇಂಥದ್ದರ ಮೇಲೆ. ಹಿಟ್ಟಿನ ಗಿರಣಿಗೆ ಒಂದು ದರ, ಬಟ್ಟೆ ಅಂಗಡಿಗೆ ಇನ್ನೊಂದು, ಲಾಡ್ಜಿಗೆ ಮತ್ತೊಂದು. ಒಂದೊಂದು ಸಂಸ್ಥೆಯದ್ದು ಒಂದೊಂದು ದರಪಟ್ಟಿ. ಇದರ ಜೊತೆ ಕಸದ ಶುಲ್ಕವನ್ನೂ ಸೇರಿಸಿ ಕಟ್ಟಿಸಿಕೊಳ್ಳುವುದು ರೂಢಿ.

ಹೊರದೇಶಗಳ ಕೆಲವು ಊರುಗಳಲ್ಲಿ ಪೌರಸಂಸ್ಥೆಯೇ ವ್ಯಾಪಾರದ ಒಟ್ಟು ಹಣ ಕೇಳುತ್ತದೆ. ಊರೊಳಗೆ ಎಷ್ಟು, ಹೊರಗೆ ಎಷ್ಟು ಅಂತ ಬೇರೆ ಬೇರೆ ಬರೆದು ಕೊಡಬೇಕಾಗುತ್ತದೆ. ಅಮೆರಿಕದಲ್ಲಿರುವ ನೆಂಟರು ಫೋನಿನಲ್ಲಿ ಇದನ್ನು ಹೇಳಿ ಇಲ್ಲಿನವರ ತಲೆ ಕೆಡಿಸುತ್ತಾರೆ. ನಮ್ಮ ನಗರಸಭೆಯ ಪರವಾನಗಿಗೆ ಆ ಲೆಕ್ಕ ಬೇಡ. ನೀವು ಹುಬ್ಬಳ್ಳಿಗೆ ಒಂದು ಲೋಡ್ ಮಾರಿದಿರೋ ಹತ್ತು ಲೋಡ್ ಮಾರಿದಿರೋ, ಕಾಜುಬಾಗದ ಗೋದಾಮಿನ ಶುಲ್ಕ ಬದಲಾಗುವುದಿಲ್ಲ.

ಆ ಲೆಕ್ಕ ಕೇಳುವವರು ಬೇರೆ ಇದ್ದಾರೆ. ಜಿಎಸ್‌ಟಿ ಮತ್ತು ಆದಾಯ ತೆರಿಗೆಯವರು. ಅವರಿಗೆ ಊರ ಗಡಿ ಗೊತ್ತೇ ಇಲ್ಲ.

ಕಾರವಾರದ ಪರವಾನಗಿ ಇದೆ. ಗಾಡಿಯಲ್ಲಿ ಮಾಲು ಹಾಕಿಕೊಂಡು ಅಂಕೋಲಾ, ಕುಮಟಾ ಅಂಗಡಿಗಳಿಗೆ ಕೊಟ್ಟು ಬರುತ್ತೇನೆ. ಅಲ್ಲೂ ಪರವಾನಗಿ ಬೇಕಾ?

ಅಂಗಡಿಗಳಿಗೆ ಮಾಲು ಇಳಿಸಿ ಬಿಲ್ಲು ಕೊಟ್ಟು ಬರುವುದಕ್ಕೆ ಬೇಡ. ಅಲ್ಲಿ ನಿಮಗೆ ಜಾಗವೇ ಇಲ್ಲವಲ್ಲ. ಅದೇ ಕುಮಟಾದಲ್ಲಿ ಒಂದು ಖೋಲಿ ಬಾಡಿಗೆಗೆ ಹಿಡಿದು ಮಾಲು ಇಟ್ಟರೆ ವಿಷಯ ಬದಲಾಯಿತು. ಆ ಖೋಲಿಗೆ ಕುಮಟಾ ಪುರಸಭೆಯ ಪರವಾನಗಿ ಬೇಕು. ಜಿಎಸ್‌ಟಿ ನೋಂದಣಿ ಇದ್ದರೆ ಅದರಲ್ಲಿ ಇನ್ನೊಂದು ವ್ಯಾಪಾರದ ಜಾಗ ಅಂತ 15 ದಿನದೊಳಗೆ ಸೇರಿಸಬೇಕು. ಹೊಸ ಜಿಎಸ್‌ಟಿ ನಂಬರು ಬೇಡ. ಕರ್ನಾಟಕದೊಳಗೆ ಎಷ್ಟು ಊರಿನಲ್ಲಿ ಅಂಗಡಿ ಇಟ್ಟರೂ 29ರಿಂದ ಶುರುವಾಗುವ ಒಂದೇ ನಂಬರು ಸಾಕು.

ಒಟ್ಟಿನಲ್ಲಿ ಹೀಗೆ: ಮೂರು ಊರಿನಲ್ಲಿ ಮೂರು ಅಂಗಡಿ ಇದ್ದರೆ ಪರವಾನಗಿ ಮೂರು, ಜಿಎಸ್‌ಟಿ ನಂಬರು ಒಂದು, ಮಾರಾಟದ ಮೊತ್ತವೂ ಒಂದು.

ಗಾಡಿಯಲ್ಲಿ 50,000 ರೂಪಾಯಿಗಿಂತ ಜಾಸ್ತಿ ಬೆಲೆಯ, ತೆರಿಗೆ ಇರುವ ಮಾಲು ಇದ್ದರೆ ಇ-ವೇ ಬಿಲ್, ಅಂದರೆ ಮಾಲು ಸಾಗಿಸಲು ಆನ್‌ಲೈನಿನಲ್ಲಿ ತೆಗೆಯುವ ಚೀಟಿ, ಬೇಕು, ಜಿಲ್ಲೆಯೊಳಗೇ ಓಡಾಡಿದರೂ. "ಇಲ್ಲೇ ಅಂಕೋಲಾಕ್ಕೆ ಮಾರಾಯ್ರೆ" ಅಂದರೆ ಹೆದ್ದಾರಿಯಲ್ಲಿ ತಡೆದವರು ಕೇಳುವುದಿಲ್ಲ.

ಸಂತೆಯಲ್ಲಿ, ಜಾತ್ರೆಯಲ್ಲಿ ಕೂತು ಮಾರುವವರಿಗೆ?

ಕಾರವಾರದ ಭಾನುವಾರದ ಸಂತೆಗೆ ಸುತ್ತಲಿನ ಹಳ್ಳಿಗಳಿಂದ ತರಕಾರಿ ಬುಟ್ಟಿ ಹೊತ್ತು ಬರುವ ಹೆಂಗಸರಿಗೆ ವರ್ಷದ ಪರವಾನಗಿ ಬೇಡ. ಅಂದಂದಿನ ಸಂತೆ ಶುಲ್ಕ ಕೊಟ್ಟು ಚೀಟಿ ಇಟ್ಟುಕೊಂಡರೆ ಸಾಕು. ಚೀಟಿಯನ್ನು ಮಾತ್ರ ಕೇಳಿ ಪಡೆಯಿರಿ.

ದಿನಾ ಒಂದೇ ಜಾಗದಲ್ಲಿ ಗಾಡಿ ನಿಲ್ಲಿಸುವವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಪಟ್ಟಣ ವ್ಯಾಪಾರ ಸಮಿತಿ ಸಮೀಕ್ಷೆ ಮಾಡಿಸುತ್ತದೆ, ಗುರುತಿನ ಚೀಟಿ ಮತ್ತು ಪ್ರಮಾಣಪತ್ರ ಕೊಡುತ್ತಾರೆ. ಇದು ಪಟ್ಟಣಗಳಿಗೆ ಮಾತ್ರ ಇರುವ ಕಾಯ್ದೆ. ಆದರೆ ಹಳ್ಳಿಯಲ್ಲಿ ಮನೆ ಇದ್ದು ಪಟ್ಟಣದಲ್ಲಿ ಮಾರುವವರು ಹೊರಗಿನವರಲ್ಲ. ಬೀದಿ ವ್ಯಾಪಾರಿಗಳಿಗೆ ಕೊಡುವ ಪಿಎಂ ಸ್ವನಿಧಿ ಸಾಲಕ್ಕೂ ನಗರಸಭೆಯ ಶಿಫಾರಸು ಪತ್ರ ತೋರಿಸಿ ಅವರು ಅರ್ಜಿ ಹಾಕಬಹುದು. ಅಮದಳ್ಳಿ ಕಡೆಯ ಒಬ್ಬ ಅಕ್ಕನಿಗೆ "ನೀವು ಹಳ್ಳಿಯವರು, ಆಗುವುದಿಲ್ಲ" ಅಂತ ಯಾರೋ ಹೇಳಿ ಕಳಿಸಿದ್ದರು. ಎರಡು ವರ್ಷ ಸುಮ್ನೆ ಕೂತಿದ್ದರು ಪಾಪ.

ಶಿರಸಿಯ ಮಾರಿಕಾಂಬಾ ಜಾತ್ರೆ ಬೇರೆಯದೇ ಲೆಕ್ಕ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಬಿಡ್ಕಿಬೈಲಿನಲ್ಲಿ ಗದ್ದುಗೆ, ಒಂಬತ್ತು ದಿನ ಕಾಲಿಡಲು ಜಾಗ ಇರುವುದಿಲ್ಲ. ಅಲ್ಲಿ ಅಂಗಡಿ ಹಾಕುವವರು ಆ ದಿನಗಳ ಮಟ್ಟಿಗೆ ಜಾಗ ಹಿಡಿಯುತ್ತಾರೆ, ತಾತ್ಕಾಲಿಕ ಅನುಮತಿ ಪಡೆಯುತ್ತಾರೆ. ಆದರೆ ಜಾತ್ರೆಯಲ್ಲಿ ಬಂದ ಹಣ ತಾತ್ಕಾಲಿಕ ಅಲ್ಲ! ಕಾರವಾರದ ಬಳೆ ಅಂಗಡಿಯವರು ಶಿರಸಿಯಲ್ಲಿ ಒಂಬತ್ತು ದಿನ ಮಾರಿದ್ದೂ ಅವರ ವರ್ಷದ ಮೊತ್ತಕ್ಕೆ ಸೇರುತ್ತದೆ.

ಹಾಗಾದರೆ ಜಿಎಸ್‌ಟಿ ಮಿತಿಗೆ ಯಾವ ಯಾವ ಮಾರಾಟ ಸೇರಿಸಬೇಕು?

ಒಂದು ಪ್ಯಾನ್‌ನಲ್ಲಿ ನಡೆದ ಎಲ್ಲವೂ. ಅಂಗಡಿಯಲ್ಲಿ, ಸಂತೆಯಲ್ಲಿ, ಬೇರೆ ತಾಲೂಕಿನಲ್ಲಿ, ಬೇರೆ ರಾಜ್ಯದಲ್ಲಿ, ಫೋನ್ ಆರ್ಡರಿನಲ್ಲಿ, ನಗದು, ಯುಪಿಐ, ಉದ್ರಿ. ತೆರಿಗೆ ಇಲ್ಲದ ಮಾಲಿನ ಮಾರಾಟವೂ ಸೇರುತ್ತದೆ.

ಬರೀ ಸರಕು ಮಾರುವವರಿಗೆ ಕರ್ನಾಟಕದಲ್ಲಿ ವರ್ಷಕ್ಕೆ 40 ಲಕ್ಷ ಮಿತಿ. ಸೇವೆ ಕೊಡುವವರಿಗೆ 20 ಲಕ್ಷ. ಮಿತಿ ದಾಟಿದ 30 ದಿನದೊಳಗೆ ನೋಂದಣಿಗೆ ಅರ್ಜಿ ಹಾಕಬೇಕು. ಎರಡೂ ಮಾಡುವವರು ಇಲ್ಲೇ ಎಡವುತ್ತಾರೆ. ಮೊಬೈಲ್ ಮಾರುವ ಅಂಗಡಿಯವನು ಒಂದು ಮೂಲೆಯಲ್ಲಿ ರಿಪೇರಿಯನ್ನೂ ಮಾಡಿದರೆ ಅವನಿಗೆ ಮಿತಿ 20 ಲಕ್ಷ. "ರಿಪೇರಿ ದುಡ್ಡು ಚಹಾ ಖರ್ಚಿಗೂ ಸಾಲದು" ಅಂತ ಅವನು ಹೇಳಬಹುದು. ರಿಪೇರಿಯ ಮೊತ್ತ ಎಷ್ಟೇ ಸಣ್ಣದಿರಲಿ, ಅದು ಸೇವೆ.

ಮೀನಿಗೆ ತೆರಿಗೆ ಇಲ್ಲ ಅಲ್ವಾ? ಮತ್ತೆ ನಮಗೇನು ಜಿಎಸ್‌ಟಿ?

ತಾಜಾ ಮೀನಿಗೆ ತೆರಿಗೆ ಇಲ್ಲ, ಸರಿ. ಒಣಮೀನನ್ನು ಗೋಣಿಯಿಂದ ತೆಗೆದು ತೂಗಿ ಕೊಟ್ಟರೂ ಇಲ್ಲ. ಅದೇ ಒಣ ಸಿಗಡಿಯನ್ನು ಪ್ಯಾಕೆಟ್ಟಿಗೆ ಹಾಕಿ, ಲೇಬಲ್ ಅಂಟಿಸಿ ಮಾರಿದರೆ ಶೇ. 5. ತೆರಿಗೆ ಇಲ್ಲದ ಸರಕನ್ನು ಮಾತ್ರ ಮಾರುವವರಿಗೆ ಕೋಟಿ ವ್ಯಾಪಾರವಾದರೂ ಜಿಎಸ್‌ಟಿ ನೋಂದಣಿ ಬೇಡ. ಬೈತಖೋಲದಲ್ಲಿ ಮೀನು ಹಿಡಿದು ಲಾರಿ ತುಂಬಿಸುವವರಿಗೆ ಇದು ಗೊತ್ತು.

ಗೊತ್ತಿಲ್ಲದ್ದು "ಮಾತ್ರ" ಅನ್ನುವ ಪದದ ತೂಕ. ಹೋದ ವರ್ಷದ ಒಂದು ಪುಸ್ತಕ ನೆನಪಿದೆ. ನೀಲಿ ರಟ್ಟಿನ ಉದ್ದ ಪುಸ್ತಕ, ಪುಟದ ಅಂಚಿಗೆಲ್ಲ ಉಪ್ಪು ಹಿಡಿದು ಅಲೆಅಲೆ ಆಗಿತ್ತು. ವರ್ಷಕ್ಕೆ 45 ಲಕ್ಷದ ತಾಜಾ ಮೀನು. ಕೊನೆಯ ಪುಟಗಳಲ್ಲಿ ಬೇರೆ ಬಣ್ಣದ ಪೆನ್ನಿನಲ್ಲಿ ಮೀನಿನ ಮಸಾಲೆ ಪುಡಿ ಪ್ಯಾಕೆಟ್, ಎಲ್ಲ ಸೇರಿ 60 ಸಾವಿರವೂ ಆಗಿರಲಿಲ್ಲ. ಗಿರಾಕಿಗಳಿಗೆ ಅನುಕೂಲ ಆಗಲಿ ಅಂತ ಗಲ್ಲೆಯ ಹತ್ತಿರ ನೇತು ಹಾಕಿದ್ದರು. ಆ ಮಸಾಲೆ ಪ್ಯಾಕೆಟ್ಟಿನಿಂದಾಗಿ ಅವರು "ತೆರಿಗೆ ಇಲ್ಲದ್ದನ್ನು ಮಾತ್ರ ಮಾರುವವರು" ಆಗಿ ಉಳಿಯಲಿಲ್ಲ. ಒಟ್ಟು ಮೊತ್ತ 40 ಲಕ್ಷ ದಾಟಿತ್ತು. ನೋಂದಣಿ ಮಾಡಿಸಲೇಬೇಕಾಯಿತು. ತೆರಿಗೆ ಬಿದ್ದದ್ದು ಮಸಾಲೆಯ ಮೇಲೆ ಮಾತ್ರ, ಆದರೆ ಪ್ರತಿ ತಿಂಗಳ ರಿಟರ್ನ್ಸ್ (ಇಲಾಖೆಗೆ ಸಲ್ಲಿಸುವ ಲೆಕ್ಕ) ಗೋಳು ಪೂರ್ತಿ ಅವರದ್ದೇ. ಮಸಾಲೆಯನ್ನು ತೆಗೆದುಬಿಡಿ ಅಂದೆ. "ಪಕ್ಕದ ಅಂಗಡಿಯವನು ಇಡ್ತಾನಲ್ಲ" ಅಂದರು. ಅದೂ ನಿಜವೇ.

ತೋಟದವರಿಗೂ ಒಂದು ಮಾತು. ಸ್ವಂತ ಜಮೀನಿನ ಅಡಿಕೆ, ಕಾಳುಮೆಣಸು, ತೆಂಗು ಮಾರುವ ರೈತರು ಆ ಮಾರಾಟಕ್ಕಾಗಿ ಜಿಎಸ್‌ಟಿ ನೋಂದಣಿ ಮಾಡಬೇಕಿಲ್ಲ. ಅದನ್ನು ಕೊಂಡು ಮಾರುವ ವ್ಯಾಪಾರಿಗೆ ಆ ವಿನಾಯಿತಿ ಇಲ್ಲ. ಗೇರುಬೀಜದಲ್ಲಿ ಇನ್ನೊಂದು ತಿರುವು: ಸಿಪ್ಪೆ ಸಹಿತ ಗೇರುಬೀಜವನ್ನು ರೈತರಿಂದ ಕೊಂಡರೆ ತೆರಿಗೆ ಕಟ್ಟಬೇಕಾದ್ದು ಕೊಂಡ ನೋಂದಾಯಿತ ವ್ಯಾಪಾರಿ, ಮಾರಿದವರಲ್ಲ.

ಗೋವಾಕ್ಕೆ ಮಾರಬಹುದಾ? ಕಾಣಕೋಣ ನಮಗೆ ಶಿರಸಿಗಿಂತ ಹತ್ತಿರ.

ಹತ್ತಿರ ಇರುವುದೇ ಇಲ್ಲಿನ ಕಷ್ಟ. ಮಾಜಾಳಿ ದಾಟಿದರೆ ಪೋಳೆಂ, ಅಲ್ಲಿಂದ ರಾಜ್ಯ ಬೇರೆ. ತೆರಿಗೆ ಇರುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವವರಿಗೆ 40 ಲಕ್ಷದ ರಿಯಾಯಿತಿ ಇಲ್ಲ. ಒಂದೇ ಒಂದು ಬಿಲ್ಲಾದರೂ ಮೊದಲು ನೋಂದಣಿ ಆಗಬೇಕು. ಕರಕುಶಲ ವಸ್ತುಗಳಂಥ ಕೆಲವಕ್ಕೆ ವಿನಾಯಿತಿ ಇದೆ, ದಿನಸಿಗೆ, ಹಾರ್ಡ್‌ವೇರ್‌ಗೆ ಇಲ್ಲ. ಇದು ಅನ್ಯಾಯ ಅನ್ನಿಸಿದರೆ ನಿಮ್ಮ ಜೊತೆ ನಾನೂ ಇದ್ದೇನೆ. ಸದಾಶಿವಗಡದ ಅಂಗಡಿಯವನು 500 ಕಿಲೋಮೀಟರ್ ಆಚೆಯ ಬೆಂಗಳೂರಿಗೆ ನೋಂದಣಿ ಇಲ್ಲದೆ ಮಾಲು ಕಳಿಸಬಹುದು, ಗಡಿಯಾಚೆಯ ಪಕ್ಕದೂರಿಗೆ ಕಳಿಸುವ ಹಾಗಿಲ್ಲ.

ಕಾಣಕೋಣದ ಗಿರಾಕಿ ತಾನೇ ಕಾರವಾರಕ್ಕೆ ಬಂದು, ನಿಮ್ಮ ಗಲ್ಲೆಯಲ್ಲಿ ದುಡ್ಡು ಕೊಟ್ಟು ಚೀಲ ಎತ್ತಿಕೊಂಡು ಹೋದರೆ ಅದು ಅಂಗಡಿಯ ಮಾಮೂಲಿ ಮಾರಾಟ. ನೀವೇ ಗಾಡಿಯಲ್ಲಿ ಗೋವಾಕ್ಕೆ ತಲುಪಿಸಿದರೆ ಅಂತರರಾಜ್ಯ ಮಾರಾಟ, ಅದಕ್ಕೆ ಐಜಿಎಸ್‌ಟಿ. ಅಲ್ಲೇ ಗೋದಾಮು ಮಾಡಿ ಅಲ್ಲಿಂದ ಮಾರಿದರೆ ಗೋವಾದ ಬೇರೆ ಜಿಎಸ್‌ಟಿ ನಂಬರು ಬೇಕು, ಅದು 30ರಿಂದ ಶುರುವಾಗುತ್ತದೆ. ಆ ಜಾಗದ ಸ್ಥಳೀಯ ಸಂಸ್ಥೆಯ ಪರವಾನಗಿಯೂ ಬೇಕು. ನಂಬರು ಎರಡಾದರೂ ಪ್ಯಾನ್ ಒಂದೇ, ಮಿತಿಯ ಲೆಕ್ಕಕ್ಕೆ ಎರಡೂ ಕಡೆಯ ಮೊತ್ತ ಕೂಡಿಸಬೇಕು.

ನಾನು ಕಾಂಪೊಸಿಷನ್‌ನಲ್ಲಿ ಇದ್ದೇನೆ. ನನಗೂ ಇದೇನಾ?

ನಿಮಗೆ ಇನ್ನೂ ಬಿಗಿ. ಕಾಂಪೊಸಿಷನ್ ಅಂದರೆ ಒಂದೂವರೆ ಕೋಟಿವರೆಗಿನ ವ್ಯಾಪಾರಿಗಳಿಗೆ ಇರುವ ಸಸಾರದ ದಾರಿ. ಅಂಗಡಿಯವರು ಮಾರಾಟದ ಶೇ. 1, ಹೋಟೆಲಿನವರು ಶೇ. 5 ಕಟ್ಟಿದರೆ ಮುಗಿಯಿತು. ಮೂರು ತಿಂಗಳಿಗೊಮ್ಮೆ ಹಣ ಕಟ್ಟುವುದು, ವರ್ಷಕ್ಕೊಂದು ರಿಟರ್ನ್ಸ್. ಗಿರಾಕಿಯಿಂದ ತೆರಿಗೆ ಅಂತ ಬೇರೆ ವಸೂಲಿ ಮಾಡುವಂತಿಲ್ಲ, ಬೋರ್ಡಿನ ಮೇಲೆ ಕಾಂಪೊಸಿಷನ್ ಅಂತ ಬರೆಸಬೇಕು. ಇಷ್ಟು ಸುಲಭ ಮಾಡಿಕೊಟ್ಟದ್ದಕ್ಕೆ ಹಾಕಿದ ಷರತ್ತು: ಬೇರೆ ರಾಜ್ಯಕ್ಕೆ ಮಾರುವ ಹಾಗಿಲ್ಲ.

ಇದರಲ್ಲಿ ಸಿಕ್ಕಿಬಿದ್ದವರು ಅಡುಗೆಯವರು. ನನ್ನ ಗಿರಾಕಿ ಒಬ್ಬರಿದ್ದಾರೆ, ಸಣ್ಣ ಹೋಟೆಲು, ಜೊತೆಗೆ ಮದುವೆ ಊಟದ ಆರ್ಡರು. ಕಾಂಪೊಸಿಷನ್‌ನಲ್ಲಿ ಇದ್ದರು. ಬಿಲ್ ಪುಸ್ತಕ ತಿರುವಿ ಹಾಕುವಾಗ ಒಂದು ಹಾಳೆಯಲ್ಲಿ "ಪಾಳೊಳೆಂ, 350 ಎಲೆ, ಎರಡು ಹೊತ್ತು" ಅಂತ ಕಂಡಿತು. ಕ್ಯಾಟರಿಂಗ್ ಎಲ್ಲಿ ಬಡಿಸುತ್ತೀರೋ ಅಲ್ಲಿನ ವ್ಯಾಪಾರ ಅಂತ ಕಾನೂನು ಹೇಳುತ್ತದೆ. ಪಾತ್ರೆ ಕಾರವಾರದ್ದು, ಭಟ್ಟರು ಕಾರವಾರದವರು, ಸಾಮಾನು ಕಾರವಾರದ್ದು, ಆದರೆ ಊಟ ಬಡಿಸಿದ್ದು ಗೋವಾದಲ್ಲಿ. ಆ ಒಂದು ಮದುವೆಯಿಂದ ಕಾಂಪೊಸಿಷನ್‌ನ ಅರ್ಹತೆಯೇ ಹೋಯಿತು. ಅವರಿಗೆ ನಂಬಿಸಲು ಅರ್ಧ ದಿನ ಬೇಕಾಯಿತು ನನಗೆ. "ಅವರ ಹುಡುಗಿ ನಮ್ಮ ಕಾರವಾರದವಳೇ" ಅನ್ನುವುದು ಅವರ ಕೊನೆಯ ವಾದ.

ಜಿಎಸ್‌ಟಿ ನೋಂದಣಿಯೇ ಇಲ್ಲದ, 20 ಲಕ್ಷದ ಒಳಗಿನ ಅಡುಗೆಯವರಿಗೆ ಈ ತಾಪತ್ರಯ ಇಲ್ಲ. ಸೇವೆ ಕೊಡುವವರು ಆ ಮಿತಿಯೊಳಗೆ ಬೇರೆ ರಾಜ್ಯದಲ್ಲೂ ನೋಂದಣಿ ಇಲ್ಲದೆ ಕೆಲಸ ಮಾಡಬಹುದು. ಸರಕಿಗೂ ಸೇವೆಗೂ ಇರುವ ಈ ವ್ಯತ್ಯಾಸ ಗಡಿ ತಾಲೂಕಿನವರು ಬಾಯಿಪಾಠ ಮಾಡಬೇಕಾದ್ದು.

ಹೋಂಸ್ಟೇ ನಡೆಸುತ್ತೇವೆ. ಬರುವವರೆಲ್ಲ ಗೋವಾ, ಮುಂಬೈನವರು. ಅದು ಅಂತರರಾಜ್ಯವಾ?

ಅಲ್ಲ. ರೂಮು ಎಲ್ಲಿದೆಯೋ ಅಲ್ಲಿನ ವ್ಯಾಪಾರ. ಗಿರಾಕಿ ಎಲ್ಲಿಂದ ಬಂದರೂ ರಾಜ್ಯದೊಳಗಿನ ಸೇವೆಯೇ. ಪರವಾನಗಿ ನಿಮ್ಮ ಪಂಚಾಯಿತಿಯದ್ದು, ಹೋಂಸ್ಟೇ ನೋಂದಣಿ ಪ್ರವಾಸೋದ್ಯಮ ಇಲಾಖೆಯದ್ದು. ಕಡಲ ತೀರಕ್ಕೆ ತಾಗಿ ಕಟ್ಟುವವರು ಇನ್ನೊಂದು ತಿಳಿದಿರಲಿ: ಪಂಚಾಯಿತಿಯ ವ್ಯಾಪಾರ ಪರವಾನಗಿ ಕೈಯಲ್ಲಿದ್ದರೆ ಕರಾವಳಿ ನಿಯಂತ್ರಣ ವಲಯದ ಅನುಮತಿ ಸಿಕ್ಕಂತೆ ಆಗುವುದಿಲ್ಲ. ಅದು ಬೇರೆ, ಇದು ಬೇರೆ.

ಶಿರಸಿಯ ಮನೆಯಲ್ಲಿ ಅಪ್ಪೆಮಿಡಿ ಉಪ್ಪಿನಕಾಯಿ ಮಾಡಿ ಕೊರಿಯರಿನಲ್ಲಿ ಕಳಿಸುತ್ತೇನೆ. ಅಂಗಡಿಯೇ ಇಲ್ಲ. ನನಗೇನು ಬೇಕು?

ಮೊದಲು ಆಹಾರ ಸುರಕ್ಷತೆಯ ನೋಂದಣಿ. ಮನೆಯಡುಗೆ ಅಂತ ಬಿಡುವುದಿಲ್ಲ. ಆ ನಂಬರು ಜಾಡಿಯ ಲೇಬಲ್ಲಿನ ಮೇಲೆ ಇರಬೇಕು. ಮನೆ ನಗರಸಭೆಯೊಳಗೆ ಇದ್ದರೆ ಅಲ್ಲಿ, ಹುಲೇಕಲ್ ಕಡೆಯ ಹಳ್ಳಿಯಲ್ಲಿದ್ದರೆ ಪಂಚಾಯಿತಿಯಲ್ಲಿ ಪರವಾನಗಿ ವಿಚಾರಿಸಿ. ಬೆಂಗಳೂರು, ಮೈಸೂರಿಗೆ ಕಳಿಸುವಷ್ಟು ದಿನ 40 ಲಕ್ಷದ ಮಿತಿ ನಿಮ್ಮನ್ನು ಕಾಯುತ್ತದೆ. ಪುಣೆಯ ತಂಗಿಯ ಗೆಳತಿಯರು ಕೇಳಿದರು ಅಂತ ದುಡ್ಡು ತಗೊಂಡು ಕಳಿಸಲು ಶುರು ಮಾಡಿದಿರೋ, ಗೋವಾದ ಉತ್ತರವೇ ನಿಮಗೂ. ಉಪ್ಪಿನಕಾಯಿ ತೆರಿಗೆ ಇರುವ ಸರಕು. ಕಾಸು ಪಡೆಯದೆ ತಂಗಿಗೆ ಕಳಿಸುವ ಜಾಡಿಗೆ ಯಾರೂ ಏನೂ ಕೇಳುವುದಿಲ್ಲ, ಹೆದರಬೇಡಿ.

ಯುಪಿಐಯಲ್ಲಿ ಬಂದ ಹಣಕ್ಕೆಲ್ಲ ನೋಟಿಸ್ ಬರುತ್ತದಂತೆ?

2025ರ ಜುಲೈನಲ್ಲಿ ಬಂದವು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆ ನೋಡಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತು. ಅಂಗಡಿಗಳು ಕ್ಯುಆರ್ ಕೋಡ್ ಕಿತ್ತು "ನಗದು ಮಾತ್ರ" ಅಂತ ಬರೆದವು. ಆಮೇಲೆ ಸರ್ಕಾರ ಹಿಂದಿನ ಬಾಕಿಯ ವಿಷಯದಲ್ಲಿ ಸಡಿಲ ಬಿಟ್ಟಿತು, ಮುಂದಕ್ಕೆ ನೋಂದಣಿ ಮಾಡಿಕೊಳ್ಳಿ ಅಂದಿತು. ಕ್ಯುಆರ್ ಕೋಡ್ ಕಿತ್ತರೆ ಪ್ರಯೋಜನ ಇಲ್ಲ. ನಗದೂ ಮಾರಾಟವೇ.

ಕೈಯಲ್ಲಿ ದಾಖಲೆ ಇಲ್ಲದಿರುವುದೇ ನಿಜವಾದ ತೊಂದರೆ. ಅಳಿಯ ಕಳಿಸಿದ ಆಸ್ಪತ್ರೆ ಖರ್ಚು, ಸ್ವಸಹಾಯ ಸಂಘದ ಕಂತು, ಮೀನು ಮಾರಿದ ದುಡ್ಡು, ಎಲ್ಲ ಒಂದೇ ಖಾತೆಗೆ ಬಿದ್ದಿರುತ್ತದೆ. ಮೂರು ವರ್ಷದ ನಂತರ ಯಾವುದು ಯಾವುದು ಅಂತ ಕೇಳಿದರೆ ಯಾರಿಗೆ ನೆನಪಿರುತ್ತದೆ? ವ್ಯಾಪಾರಕ್ಕೆ ಒಂದು ಬೇರೆ ಖಾತೆ ತೆಗೆಯಿರಿ. ಉಳಿತಾಯ ಖಾತೆ ಮನೆಗೆ ಇರಲಿ.

ಊರು ಊರಿನ ಲೆಕ್ಕ ಬೇರೆ ಬೇರೆ ಇಡಬೇಕಾ?

ಊರಿನ ಪ್ರಕಾರ ಬೇಡ. ಆದರೆ ನಾನು ನನ್ನ ಗಿರಾಕಿಗಳಿಂದ ಒಂದು ಅಭ್ಯಾಸ ಮಾಡಿಸಿದ್ದೇನೆ. ದಿನದ ಪುಸ್ತಕದಲ್ಲಿ ಮೂರು ಮನೆ: ತೆರಿಗೆ ಇರುವ ಮಾರಾಟ, ತೆರಿಗೆ ಇಲ್ಲದ ಮಾರಾಟ, ರಾಜ್ಯದ ಹೊರಗಿನ ಮಾರಾಟ. ಪ್ರತಿ ತಿಂಗಳ ಕೊನೆಗೆ ಮೂರನ್ನೂ ಕೂಡಿಸಿ ಪುಟದ ಕೆಳಗೆ ಏಪ್ರಿಲ್‌ನಿಂದ ಈವರೆಗಿನ ಒಟ್ಟು ಬರೆಯುವುದು. ಬರೀ ಸರಕು ಮಾರುವವರಾದರೆ ಒಟ್ಟು 30 ಲಕ್ಷ ದಾಟಿದಾಗ ಕೆಂಪು ಪೆನ್ನು. ಆಗ ನನಗೊಂದು ಫೋನ್ ಮಾಡಬೇಕು. ಅಂಗಡಿ ಎರಡು ಊರಿನಲ್ಲಿದ್ದರೆ ಪುಸ್ತಕ ಎರಡಿರಲಿ, ಕೂಡಿಸುವ ಪುಟ ಒಂದೇ ಇರಲಿ.

ಮಾಲು ಊರೊಳಗೆ ತಂದರೆ ನಗರಸಭೆಗೆ ಸುಂಕ ಇದೆಯಾ? ವೃತ್ತಿ ತೆರಿಗೆ ಯಾರಿಗೆ?

ಹಳೆಯವರಿಗೆ ನಾಕಾ ನೆನಪಿರಬಹುದು. ಕರ್ನಾಟಕದಲ್ಲಿ ಆಕ್ಟ್ರಾಯ್ ಅನ್ನುವ ಆ ಸುಂಕ 1979ರಲ್ಲೇ ಹೋಯಿತು. ಅದರ ಬದಲು ಬಂದ ಪ್ರವೇಶ ತೆರಿಗೆ 2017ರ ಜುಲೈ 1ರಂದು ಜಿಎಸ್‌ಟಿಯಲ್ಲಿ ಮುಳುಗಿತು. ವೃತ್ತಿ ತೆರಿಗೆ ನಮ್ಮಲ್ಲಿ ನಗರಸಭೆಗಲ್ಲ, ವಾಣಿಜ್ಯ ತೆರಿಗೆ ಇಲಾಖೆಗೆ. ವರ್ಷಕ್ಕೆ 2,500 ರೂಪಾಯಿಗಿಂತ ಜಾಸ್ತಿ ಕೇಳುವಂತಿಲ್ಲ, ಸಂವಿಧಾನವೇ ಆ ಮಿತಿ ಹಾಕಿದೆ.

ಉದ್ಯಮ್ ಸರ್ಟಿಫಿಕೇಟ್ ಇದೆ. ಸಾಲದಾ?

ಸಾಲದು. ಅದು ಸಣ್ಣ ಉದ್ಯಮ ಅಂತ ಕೇಂದ್ರ ಸರ್ಕಾರದಲ್ಲಿ ಮಾಡಿಸುವ ನೋಂದಣಿ, ಬ್ಯಾಂಕ್ ಸಾಲಕ್ಕೆ, ಸರ್ಕಾರದ ಯೋಜನೆಗಳಿಗೆ ಉಪಯೋಗ. ಪುಕ್ಕಟೆ ಸಿಗುತ್ತದೆ, ಅದಕ್ಕೆ ದುಡ್ಡು ಕೇಳುವವರಿಂದ ದೂರ ಇರಿ. ಕಾರ್ಮಿಕ ಇಲಾಖೆಯ ಅಂಗಡಿ ನೋಂದಣಿಯೂ ಬೇರೆ, 1961ರ ಕಾಯ್ದೆಯದ್ದು, ಅಂಗಡಿ ತೆರೆದ 30 ದಿನದೊಳಗೆ ಮಾಡಿಸಬೇಕು. ತಕ್ಕಡಿಗೆ ತೂಕ ಮತ್ತು ಅಳತೆ ಇಲಾಖೆಯ ಸೀಲು ಇನ್ನೊಂದು.

ನಮ್ಮ ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿ ಆಯಿತು. ಹಳೆಯ ಪರವಾನಗಿ ಏನಾಗುತ್ತದೆ?

ಜಾಲಿ, ಮಂಕಿಯವರಿಗೆ ಇದು ಅನುಭವದ ಮಾತು. ಹಳೆಯ ಕಾಗದ, ಹಳೆಯ ರಶೀದಿ ಯಾವುದನ್ನೂ ಬಿಸಾಡಬೇಡಿ. ಮುಂದಿನ ನವೀಕರಣ ಹೊಸ ಕಚೇರಿಯಲ್ಲಿ, ಹೊಸ ದರದಲ್ಲಿ. ಅದಕ್ಕೂ ಮೊದಲು ಕಟ್ಟಡದ ಖಾತೆ ಪಟ್ಟಣದ ದಾಖಲೆಗೆ ಬಂದಿದೆಯಾ ನೋಡಿಕೊಳ್ಳಿ. ಜಿಎಸ್‌ಟಿಗೆ ಇದರಿಂದ ಏನೂ ಆಗುವುದಿಲ್ಲ, ವಿಳಾಸದ ಬರಹ ಬದಲಾದರೆ ತಿದ್ದುಪಡಿ ಹಾಕಿದರಾಯಿತು.

ಅರ್ಜಿ ಕೊಟ್ಟು ತಿಂಗಳುಗಟ್ಟಲೆ ಆಯಿತು. ಏನು ಮಾಡಲಿ?

ನಿಮ್ಮ ಅರ್ಜಿಗೆ ಕೊಡುವ ಸಕಾಲ ನಂಬರು ಕೇಳಿ. 2011ರ ಸಕಾಲ ಕಾಯ್ದೆಯಲ್ಲಿ ಪ್ರತಿ ಸೇವೆಗೂ ದಿನದ ಲೆಕ್ಕ ಇದೆ. ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ ಪರಿಹಾರ. ಆ 500 ರೂಪಾಯಿ ದೊಡ್ಡದಲ್ಲ. ನಂಬರು ಹೇಳಿ ಮೇಲ್ಮನವಿ ಹಾಕುತ್ತೇನೆ ಅಂದಾಗ ಫೈಲು ಎದ್ದು ನಡೆಯುತ್ತದೆ, ಅದು ದೊಡ್ಡದು.

ನವೀಕರಣ ಯಾವಾಗ?

ಪರವಾನಗಿಯ ಲೆಕ್ಕ ಆರ್ಥಿಕ ವರ್ಷಕ್ಕೆ, ಮಾರ್ಚ್ 31ಕ್ಕೆ ಮುಗಿಯುತ್ತದೆ. ಎಷ್ಟನೇ ಇಸವಿಯ ಮಾರ್ಚ್ ಅಂತ ಕಾಗದದ ಮೇಲೆಯೇ ಬರೆದಿರುತ್ತದೆ. ಬಜ್ಜಿ ಎಣ್ಣೆಯ ಕಲೆಯಡಿ ಆ ತಾರೀಖು ಮುಚ್ಚಿಹೋಗುವ ಮೊದಲು ಫೋನಿನಲ್ಲಿ ಒಂದು ಫೋಟೋ ಹೊಡೆದಿಟ್ಟುಕೊಳ್ಳಿ.

ಅಂಗಡಿ ಮುಚ್ಚಿದೆ. ಇನ್ನೇನೂ ಇಲ್ಲವಲ್ಲ?

ಇದೆ. ಶಟರ್ ಎಳೆದ ಮಾತ್ರಕ್ಕೆ ಯಾವ ಕಚೇರಿಗೂ ತಿಳಿಯುವುದಿಲ್ಲ. ನಗರಸಭೆಗೆ ವ್ಯಾಪಾರ ನಿಲ್ಲಿಸಿದ ಬಗ್ಗೆ ಬರೆದು ಕೊಟ್ಟು ಸ್ವೀಕೃತಿ ತಗೊಳ್ಳಿ. ಜಿಎಸ್‌ಟಿ ರದ್ದತಿಗೆ ಅರ್ಜಿ ಹಾಕಿ, ರದ್ದಾದ ಮೇಲೆ ಮೂರು ತಿಂಗಳೊಳಗೆ ಕೊನೆಯ ರಿಟರ್ನ್ಸ್ ಕೊಡಿ. ಮಾರಾಟ ಸೊನ್ನೆ ಇದ್ದರೂ ತಿಂಗಳ ರಿಟರ್ನ್ಸ್ ಹಾಕದಿದ್ದರೆ ದಿನಕ್ಕೆ 20 ರೂಪಾಯಿ, ಒಂದೊಂದು ರಿಟರ್ನ್ಸಿಗೆ 500 ರೂಪಾಯಿವರೆಗೆ ಏರುತ್ತದೆ. ಹೊನ್ನಾವರ ಕಡೆಯ ಒಬ್ಬರು ಅಂಗಡಿ ಮುಚ್ಚಿ, ಮಗನ ಜೊತೆ ಇರಲು ಹೋಗಿ, ಎರಡೂವರೆ ವರ್ಷದ ಮೇಲೆ ಬ್ಯಾಂಕ್ ಕೆಲಸಕ್ಕೆ ಊರಿಗೆ ಬಂದಾಗ ವಿಷಯ ತಿಳಿಯಿತು. ಮೂವತ್ತು ಸೊನ್ನೆ ರಿಟರ್ನ್ಸ್ ಒಂದರ ಹಿಂದೊಂದು ಹಾಕುತ್ತ ಕೂತಿದ್ದೆವು. ಸರ್ವರ್ ನಿಧಾನ, ಹೊರಗೆ ಮಳೆ, ಅವರು ಪ್ರತಿ ಸಲ ಒಟಿಪಿ ಓದಿ ಹೇಳುವುದು, ನಾನು ಒತ್ತುವುದು. ಹದಿನೇಳನೆಯದಕ್ಕೆ ಅವರ ಫೋನಿನ ಚಾರ್ಜು ಮುಗಿಯಿತು.